ಪಥ್ಯದ ಪಾಡು

ನಮ್ಮ ಗಾದೆಗಳಲ್ಲಿ ನನಗೆ ಎಂದೂ ನಂಬಿಕೆ ಹುಟ್ಟದ ಗಾದೆಯೊಂದಿದೆ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬುದು ಆ ಗಾದೆ. ಅಂಥ ರೋಗಿಯನ್ನಾಗಲಿ ಅಂಥ ವೈದ್ಯರನ್ನಾಗಲಿ ಎಪ್ಪತ್ತು ದಾಟಿದ ಈ ವಯಸ್ಸಿನವರೆಗೂ ನಾನು ಕಂಡಿಲ್ಲ. ನಾನು ಕಂಡ ರೋಗಿಗಳು ಬಯಸಿದ್ದು ಹಾಲು ಅನ್ನವನ್ನೇ. ವೈದ್ಯರು ಹೇಳಿದ್ದು ಮಾತ್ರ ಹಾಗಲಕಾಯಿಯನ್ನು. ರೋಗವಿಲ್ಲದವರ ಪಾಡೂ ಇದಕ್ಕಿಂತ ಬೇರೆಯಲ್ಲ. ಮೈಗೆ ಒಳ್ಳೆಯದೆಂದು ನಾಲ್ವರು ಹೇಳಿದ ಪದಾರ್ಥವನ್ನು ಭಕ್ತಿಯಿಂದ ಬಡಿಸಿಕೊಂಡು, ಮೊದಲ ತುತ್ತನ್ನು ಬಾಯಿಗಿಟ್ಟು, ಎರಡನೆಯ ತುತ್ತಿಗೆ ಧೈರ್ಯ ಸಾಲದೆ, ಉಳಿದುದನ್ನು ಎಲೆಯ ಮೂಲೆಗೆ ಮೆಲ್ಲನೆ ತಳ್ಳಿ, ಮೇಲೆ ಕರಿಬೇವಿನ ಎಸಳನ್ನು ಮುಚ್ಚಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

‘ಪಥ್ಯ’ ಎಂಬ ಮಾತನ್ನೇ ನೋಡಿ. ಪಥವೆಂದರೆ ದಾರಿ, ದಾರಿಯನ್ನು ಬಿಡದಿರುವುದು ಪಥ್ಯ. ದೇಹಕ್ಕೆ ಹಿತವಾದ ಆಹಾರಕ್ಕೆ ವೈದ್ಯಗ್ರಂಥಗಳು ಇಟ್ಟ ಹೆಸರು ಅದು. ಕನ್ನಡಿಗರ ಬಾಯಿಗೆ ಬಂದ ಮೇಲೆ ಆ ಮಾತು ಇನ್ನೊಂದು ಮಗ್ಗುಲಿಗೆ ಹೊರಳಿತು. ‘ಅವರ ಮಾತು ನನಗೆ ಪಥ್ಯವಾಗಲಿಲ್ಲ’ ಎಂದರೆ ಹಿಡಿಸಲಿಲ್ಲವೆಂದೇ ಅರ್ಥ. ಹಿತವಾದುದಕ್ಕೆ ಇದ್ದ ಹೆಸರನ್ನು ಹಿಡಿಸಿದ್ದಕ್ಕೆ ಕೊಟ್ಟು ನಮ್ಮ ಭಾಷೆ ಎರಡರ ನಡುವೆ ರಾಜಿ ಮಾಡಿಸಿಬಿಟ್ಟಿದೆ. ಆದರೆ ನಾಲಿಗೆ ಈ ರಾಜಿಗೆ ಒಪ್ಪಿಲ್ಲ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಕಠೋಪನಿಷತ್ತಿನಲ್ಲಿ ನಚಿಕೇತನಿಗೆ ಉಪದೇಶಿಸಿದವನು ಸಾಕ್ಷಾತ್ ಯಮಧರ್ಮ. ಆತ ಹೇಳಿದ್ದು ದೊಡ್ಡ ವಿಚಾರವನ್ನು ಕುರಿತು, ನಿಜ. ಆದರೂ ಆ ಉಪದೇಶ ನನಗೆ ನೆನಪಾಗುವುದು ದಿನಕ್ಕೆ ಮೂರು ಬಾರಿ, ಊಟದ ಮಣೆಯ ಮೇಲೆ ಕುಳಿತಾಗ.

ನನ್ನ ಊರು ಮೇಗರವಳ್ಳಿಯ ಸಮೀಪದ ಒಂದು ಒಂಟಿಮನೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನೆರೆಯವರಾದ ನಮಗೂ ಅದರಲ್ಲಿ ಧಾರಾಳವಾದ ಪಾಲು ಉಂಟು. ಇಷ್ಟು ಮಳೆ ಬೀಳುವ ನೆಲದಲ್ಲಿ ಸೊಪ್ಪುಸದೆಗಳಿಗೆ ಬರವಿಲ್ಲ. ಮನೆಯ ಹಿಂದಿನ ಧರೆಯಲ್ಲಿ ಕಾಲಿಟ್ಟಲ್ಲೆಲ್ಲ ಒಂದೊಂದು ಮದ್ದು ಬೆಳೆದು ನಿಂತಿರುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಅವರು ನಮ್ಮ ಅಜ್ಜಿಯ ಕೈಗೆ ಸಿಕ್ಕಿದ್ದಿಲ್ಲವೆಂಬುದು ಮಾತ್ರ ಖಂಡಿತ.

ಅಜ್ಜಿಯ ದೃಷ್ಟಿಯಲ್ಲಿ ಹಿತ್ತಲ ಗಿಡವೆಲ್ಲವೂ ಮದ್ದೇ, ಮದ್ದೆಲ್ಲವೂ ಊಟವೇ. ಜ್ವರದ ಸುಳಿವು ಕಂಡರೆ ನೆಲಬೇವಿನ ಕಷಾಯ. ಜ್ವರ ಬಿಟ್ಟ ಮೇಲೆ ಅಮೃತಬಳ್ಳಿಯ ಕಷಾಯ. ನಾಲಿಗೆಯ ಮೇಲೆ ಬಿದ್ದ ಕ್ಷಣದಿಂದ ಮರುದಿನದವರೆಗೂ ಕಹಿಯನ್ನು ಬಿಡದ ಈ ಬಳ್ಳಿಗೆ ಅಮೃತವೆಂದು ಹೆಸರಿಟ್ಟವರ ಎದೆಗಾರಿಕೆಯನ್ನು ಮೆಚ್ಚಬೇಕು. ಅಜ್ಜಿಗೆ ಕಹಿಯೆಂದರೆ ಅಷ್ಟು ಗೌರವವಿದ್ದುದಕ್ಕೆ ಕಾರಣವಿಲ್ಲದೆ ಇಲ್ಲ. ಅವಳ ಯೌವನದಲ್ಲಿ ಮಲೆನಾಡನ್ನು ಮಲೇರಿಯ ಹಿಂಡುತ್ತಿದ್ದಿತು. ಮನೆಮನೆಯಲ್ಲಿಯೂ ಚಳಿಜ್ವರ, 1953ರಲ್ಲಿ ದೇಶದಾದ್ಯಂತ ಮಲೇರಿಯ ನಿಯಂತ್ರಣದ ಕಾರ್ಯ ಆರಂಭವಾಗಿ ಡಿ.ಡಿ.ಟಿ. ಸಿಂಪಡಿಸುವವರೆಗೂ ಜನರನ್ನು ಬದುಕಿಸಿದ್ದು ಕ್ವಿನೈನ್. ಅದಕ್ಕಿಂತ ಕಹಿಯಾದ ವಸ್ತುವನ್ನು ಅವರು ಕಂಡಿರಲಿಲ್ಲ. ತನ್ನ ಮಕ್ಕಳನ್ನು ಕಹಿ ಉಳಿಸಿಕೊಟ್ಟಿತೆಂದು ಕಂಡ ಹೆಂಗಸು ಮೊಮ್ಮಕ್ಕಳಿಗೆ ಸಕ್ಕರೆಯನ್ನು ಉಪದೇಶಿಸುವುದಾದರೂ ಹೇಗೆ?

ಆಗುಂಬೆಯ ಘಟ್ಟವನ್ನು ಇಳಿದರೆ ಈ ನಂಬಿಕೆ ಒಂದು ಆಚರಣೆಯಾಗಿಯೇ ನಿಂತಿದೆ. ತುಳುವರು ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನ ಹಾಲೆಮರದ ತೊಗಟೆಯನ್ನು ತರುತ್ತಾರೆ. ಮರಕ್ಕೆ ಕತ್ತಿಯನ್ನು ತಾಗಿಸುವಂತಿಲ್ಲ; ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅದರ ರಸಕ್ಕೆ ಬೆಳ್ಳುಳ್ಳಿ, ಓಮ, ಕರಿಮೆಣಸುಗಳನ್ನು ಸೇರಿಸಿ ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಹಿಂದೆಯೇ ಮೆಂತೆಯ ಗಂಜಿ. ಕೊಡಗಿನವರು ಇದೇ ಮಳೆಗಾಲದಲ್ಲಿ, ಕಕ್ಕಡ ಮಾಸದ 18ನೆಯ ದಿನ, ಮದ್ದು ಸೊಪ್ಪಿನ ರಸದಿಂದ ಪಾಯಸ ಮಾಡಿ ಉಣ್ಣುತ್ತಾರೆ. ಘಟ್ಟದ ಕೆಳಗಿನ ನನ್ನ ಮಿತ್ರರೊಬ್ಬರು ಐವತ್ತು ವರ್ಷಗಳಿಂದ ಹಾಲೆಯ ಕಷಾಯವನ್ನು ತಪ್ಪದೆ ಕುಡಿದವರು. ‘ರುಚಿ ಹೇಗೆ?’ ಎಂದು ಕೇಳಿದರೆ, ‘ವರ್ಷಕ್ಕೆ ಒಮ್ಮೆಯಲ್ಲವೇ ಮಾರಾಯರೇ!’ ಎಂದಷ್ಟೇ ಹೇಳುತ್ತಾರೆ. ಅದು ಚೆನ್ನಾಗಿದೆಯೆಂಬ ಸುಳ್ಳನ್ನು ಅವರು ಹೇಳಿದ್ದಿಲ್ಲ. ಅವರ ಮೇಲಿನ ನನ್ನ ಗೌರವಕ್ಕೆ ಅದೂ ಒಂದು ಕಾರಣ.

ನಮ್ಮ ಕಡೆಯ ತಂಬುಳಿಗಳ ವಿಚಾರದಲ್ಲಿ ಇಷ್ಟು ಕಠಿಣವಾಗಿ ಮಾತನಾಡಲಾರೆ. ತಂಪಾದ ಹುಳಿಯೇ ತಂಬುಳಿ. ಗದ್ದೆಯ ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ಕಾಯಿತುರಿ, ಜೀರಿಗೆ, ಮೆಣಸುಗಳೊಂದಿಗೆ ಅರೆದು, ಮಜ್ಜಿಗೆಯಲ್ಲಿ ಕದಡಿ, ತುಪ್ಪದ ಒಗ್ಗರಣೆ ಕೊಟ್ಟರೆ ಉಳಿಯುವ ಸಣ್ಣ ಒಗರನ್ನು ಯಾರಾದರೂ ಕ್ಷಮಿಸಿಯಾರು. ಒಂದೆಲಗ ನೆನಪಿನ ಶಕ್ತಿಯನ್ನು ಹೆಚ್ಚಿಸುತ್ತದೆಯೆಂದು ಪ್ರತೀತಿ. ಪರೀಕ್ಷೆ ಸಮೀಪಿಸಿದಂತೆಲ್ಲ ನಮ್ಮ ತಟ್ಟೆಯಲ್ಲಿ ತಂಬುಳಿ ಏರುತ್ತಿದ್ದಿತು. ಹತ್ತು ವರ್ಷ ಅದನ್ನು ಉಂಡ ನಾನು ಈಗಲೂ ಕನ್ನಡಕವನ್ನು ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುತ್ತೇನೆ. ತಂಬುಳಿ ಉಣ್ಣದಿದ್ದರೆ ಕನ್ನಡಕವಿದೆಯೆಂಬುದನ್ನೇ ಮರೆಯುತ್ತಿದ್ದೆನೇನೋ.

ಕೆಸುವಿನ ಮಾತು ಬೇರೆ. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಗಳಂತೆ ಅಡಗಿರುತ್ತವೆ. ಹುಳಿ ಸಾಲದಿದ್ದರೆ ಗಂಟಲು ಕೆರೆಯುವುದು ಅದರಿಂದಲೇ. ಹುಣಿಸೆಯನ್ನೋ ಅಮಟೆಯನ್ನೋ ಧಾರಾಳವಾಗಿ ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಕರಕಲಿ ಮಾಡುವುದನ್ನು ನಮ್ಮ ಹೆಂಗಸರು ಯಾವ ರಸಾಯನಶಾಸ್ತ್ರವನ್ನೂ ಓದದೆ ಕಂಡುಹಿಡಿದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಅನ್ನಿಸುವುದುಂಟು: ಅಡಿಗೆಯೆಂಬ ವಿದ್ಯೆಯ ಅರ್ಧಭಾಗ ಹುಟ್ಟಿದ್ದು ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡುವುದಕ್ಕಲ್ಲ, ತಿನ್ನಲಾಗದುದನ್ನು ತಿನ್ನುವಂತೆ ಮಾಡುವುದಕ್ಕೆ. ಮಳೆಗಾಲದಲ್ಲಿ ಕಣಜ ಬರಿದಾದಾಗ ಬಡವರು ಬೈನೆಮರದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಅಂಬಲಿ ಕಾಯಿಸಿದರು. ಕಾಡಿನ ಗೆಡ್ಡೆಗಳನ್ನು ಹೊಳೆಯ ನೀರಿನಲ್ಲಿ ನೆನೆಹಾಕಿ ಕಹಿಯನ್ನು ಕಳೆದರು. ಅವರಿಗೆ ಇಷ್ಟವೇ ಅನಿಷ್ಟವೇ ಎಂದು ಕೇಳಿದವರಿರಲಿಲ್ಲ.

ನಾಲಿಗೆ ಕಹಿಯನ್ನು ಏಕೆ ಒಲ್ಲದು? ಈ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರ ಕುತೂಹಲಕರವಾಗಿದೆ. ಸಿಹಿಯನ್ನು ಗುರುತಿಸಲು ನಮ್ಮ ನಾಲಿಗೆಯಲ್ಲಿ ಮುಖ್ಯವಾಗಿ ಇರುವುದು ಒಂದೇ ಬಗೆಯ ಗ್ರಾಹಕ. ಕಹಿಯನ್ನು ಗುರುತಿಸಲು ಸುಮಾರು 25 ಬಗೆಯವು. ಒಬ್ಬ ಅತಿಥಿಯನ್ನು ಬರಮಾಡಿಕೊಳ್ಳಲು ಒಬ್ಬ ಸಾಕು; ಕಳ್ಳರು ಬರುವ ದಾರಿಗಳು ಹಲವಾದುದರಿಂದ ಕಾವಲುಗಾರರು ಹೆಚ್ಚು ಬೇಕು. ಸಸ್ಯಗಳ ವಿಷಗಳಲ್ಲಿ ಬಹಳಷ್ಟು ಕಹಿ. ನಮ್ಮ ಕಾಡಿನ ಕಾಸರಕನ ಬೀಜದಲ್ಲಿರುವ ಸ್ಟ್ರಿಕ್ನಿನ್ ಕಡು ಕಹಿ, ಪ್ರಾಣವನ್ನೇ ತೆಗೆಯುವ ವಿಷ. ಮಗು ಕಹಿಯನ್ನು ಉಗುಳುವುದು ಹಟದಿಂದಲ್ಲ. ಲಕ್ಷಾಂತರ ವರ್ಷಗಳ ಎಚ್ಚರಿಕೆ ಅದರ ಬಾಯಲ್ಲಿ ಕುಳಿತು ಉಗುಳಿಸುತ್ತದೆ.

ಈ ಎಚ್ಚರಿಕೆ ಎಲ್ಲರಲ್ಲಿಯೂ ಒಂದೇ ಸಮವಾಗಿಲ್ಲವೆಂಬುದು 1931ರಲ್ಲಿ ಅಕಸ್ಮಾತ್ತಾಗಿ ತಿಳಿಯಿತು. ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ತನ್ನ ಪ್ರಯೋಗಶಾಲೆಯಲ್ಲಿ ಫಿನೈಲ್‌ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸುರಿಯುತ್ತಿದ್ದಾಗ ಸ್ವಲ್ಪ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿಯಾಯಿತೆಂದು ದೂರಿದ. ಫಾಕ್ಸನಿಗೆ ಏನೂ ಅನ್ನಿಸಲಿಲ್ಲ. ಇಬ್ಬರೂ ನಾಲಿಗೆಗೆ ಮುಟ್ಟಿಸಿ ನೋಡಿದರು. ಒಬ್ಬನಿಗೆ ಸಹಿಸಲಾಗದ ಕಹಿ, ಇನ್ನೊಬ್ಬನಿಗೆ ಬರಿಯ ಸುಣ್ಣದ ಪುಡಿಯಂತೆ ಸಪ್ಪೆ. ಈ ಭೇದ ವಂಶಪಾರಂಪರ್ಯವಾಗಿ ಬರುವುದೆಂದು ಬೇಗನೆ ಗೊತ್ತಾಯಿತು. ಅದಕ್ಕೆ ಕಾರಣವಾದ ವಂಶವಾಹಿಯನ್ನು ಗುರುತಿಸಿದ್ದು 2003ರಲ್ಲಿ. ಎಲೆಕೋಸಿನ ಜಾತಿಯ ತರಕಾರಿಗಳಲ್ಲಿ ಇದೇ ಬಗೆಯ ಕಹಿಯ ಅಂಶಗಳು ಇರುತ್ತವೆ. ಹೀಗಿರುವಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಲ್ಯವನ್ನು ಉಣ್ಣುವ ಅಣ್ಣತಮ್ಮಂದಿರು ಒಂದೇ ಪಲ್ಯವನ್ನು ಉಣ್ಣುತ್ತಿದ್ದಾರೆಂದು ಹೇಗೆ ಹೇಳುವುದು? ‘ನಿನ್ನ ಅಣ್ಣ ತಿನ್ನುವುದಿಲ್ಲವೇ, ನಿನಗೇನು ಧಾಡಿ?’ ಎಂದು ಬಯ್ಯುವ ತಾಯಂದಿರು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಹಾಗೆಂದು ಮಕ್ಕಳು ಇದನ್ನೇ ನೆಪಮಾಡಿಕೊಳ್ಳುವಂತೆಯೂ ಇಲ್ಲ. ಒಲ್ಲದ ತಿನಿಸನ್ನು ಬಲವಂತವಿಲ್ಲದೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಕೊಂಚಕೊಂಚವಾಗಿ ರುಚಿ ನೋಡಿದರೆ ಎಷ್ಟೋ ಮಕ್ಕಳು ಅದಕ್ಕೆ ಒಗ್ಗುತ್ತಾರೆಂದು ಪರೀಕ್ಷಿಸಿದವರು ಹೇಳುತ್ತಾರೆ.

ನಾಲಿಗೆಯ ಕಾವಲನ್ನು ಕಡೆಗಣಿಸಿದರೆ ಕೇಡಾಗುವುದೂ ಉಂಟು. ಸೋರೆಕಾಯಿಯ ರಸ ಆರೋಗ್ಯಕ್ಕೆ ಒಳ್ಳೆಯದೆಂದು ದೇಶದಲ್ಲಿ ಹಲವರು ಬೆಳಗಾಗೆದ್ದು ಅದನ್ನು ಕುಡಿಯತೊಡಗಿದ ಕಾಲದಲ್ಲಿ, 2010ರಲ್ಲಿ, ದೆಹಲಿಯ ವಿಜ್ಞಾನಿಯೊಬ್ಬರು ಕಹಿಯಾಗಿದ್ದ ರಸವನ್ನು ಕುಡಿದು ತೀರಿಕೊಂಡರು. ಸೋರೆ, ಸೌತೆಗಳ ಜಾತಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಕೆಲವು ಕಾಯಿಗಳಲ್ಲಿ ಮಿತಿಮೀರಿ ಕೂಡಿಕೊಳ್ಳುತ್ತದೆ. ಅದರ ಗುರುತೇ ಕಹಿ. ಮೊದಲು ಚೂರು ರುಚಿ ನೋಡಿ, ಕಹಿಯೆನಿಸಿದರೆ ಎಸೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಸಮಿತಿ ಸಲಹೆಯಿತ್ತಿತು. ಸೌತೆಕಾಯಿಯ ತೊಟ್ಟನ್ನು ಕತ್ತರಿಸಿ, ಚೂರು ನೆಕ್ಕಿ ನೋಡಿಯೇ ಕೊಚ್ಚುವ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಾಲೆಯಲ್ಲಿಯೂ ನಮ್ಮ ನಾಲಿಗೆಗೆ ಪರೀಕ್ಷೆ ಕಾದಿರುತ್ತಿದ್ದಿತು. 1960ರ ದಶಕದಲ್ಲಿ ಪರದೇಶದ ನೆರವಿನಿಂದ ಬಂದ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಮಕ್ಕಳಿಗೆ ಹಂಚುತ್ತಿದ್ದರು. ಗೋಧಿಯ ರವೆಯ ಉಪ್ಪಿಟ್ಟು ಬಂದದ್ದೂ ಆಗಲೇ. ಕೊಟ್ಟಿಗೆಯಲ್ಲಿ ಆಗ ತಾನೆ ಕರೆದ ಹಾಲನ್ನು ಕುಡಿದು ಬಂದ ನಮಗೆ ಆ ಹಾಲಿನ ವಾಸನೆಗೇ ಹೊಟ್ಟೆ ತೊಳಸುತ್ತಿದ್ದಿತು. ಮೇಷ್ಟರು ಅತ್ತ ತಿರುಗಿದೊಡನೆ ಲೋಟ ಪಕ್ಕದವನ ಕೈಗೆ. ನನ್ನ ಪಕ್ಕದವನು ಮೂರು ಮೈಲಿ ಕಾಡುದಾರಿಯಲ್ಲಿ ನಡೆದು ಬರುತ್ತಿದ್ದ ಹುಡುಗ. ತನ್ನ ಲೋಟವನ್ನೂ ನನ್ನದನ್ನೂ ಒಂದೇ ಉಸಿರಿಗೆ ಕುಡಿದು, ಬೆರಳಿನಿಂದ ಲೋಟದ ತಳವನ್ನು ಬಳಿದು ನೆಕ್ಕುತ್ತಿದ್ದ. ಅದು ಅವನಿಗೆ ಅಂದಿನ ಮೊದಲ ಆಹಾರವೆಂದು ಬಹಳ ದಿನಗಳ ಮೇಲೆ ತಿಳಿಯಿತು. ‘ಹ್ಯಾಗೋ ಕುಡೀತೀಯ ಅದನ್ನ?’ ಎಂದು ನಾನೊಮ್ಮೆ ಕೇಳಿದಾಗ ಅವನು ನನ್ನ ಮುಖವನ್ನೇ ನೋಡಿದ. ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ.

ಈಗ ಕಾಲ ಬದಲಾಗಿದೆ. 2013ರ ಆಗಸ್ಟ್ ತಿಂಗಳಿನಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹಾಲು ಕೊಡುತ್ತಾರೆ. 2024ರಲ್ಲಿ ಅದಕ್ಕೆ ರಾಗಿಯ ಮಾಲ್ಟ್ ಸೇರಿತು. ವಿಶ್ವಸಂಸ್ಥೆ 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ರಾಗಿ, ನವಣೆ, ಸಾಮೆಗಳ ಗೌರವ ಬಹಳ ಹೆಚ್ಚಿದೆ. ಗೌರವಕ್ಕೆ ರಾಗಿ ಅರ್ಹವೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಇದರ ಕೀರ್ತಿಯನ್ನು ಎಂದೋ ಸ್ಥಾಪಿಸಿದ್ದಾರೆ. ಅಲ್ಲಿ ಭತ್ತಕ್ಕೂ ರಾಗಿಗೂ ಶ್ರೇಷ್ಠತೆಯ ಜಗಳ ಬರುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಂದುತ್ತದೆ, ರಾಗಿ ಕೆಡದೆ ನಿಂತು ರಾಘವನ ಹೆಸರನ್ನು ಪಡೆಯುತ್ತದೆ. ಬಹಳ ನ್ಯಾಯವಾದ ತೀರ್ಪು. ಆದರೆ ಶ್ರೀರಾಮ ಇವೆರಡನ್ನೂ ಸೆರೆಯಲ್ಲಿಟ್ಟು ಪರೀಕ್ಷಿಸಿದನೇ ಹೊರತು ಭತ್ತದ ನಾಡಿನವನೊಬ್ಬನ ಬಾಯಲ್ಲಿಟ್ಟು ಪರೀಕ್ಷಿಸಲಿಲ್ಲ.

ಆ ಪರೀಕ್ಷೆ ನಡೆದದ್ದು ನಮ್ಮ ಮನೆಯಲ್ಲಿ, 1986ರ ಮಳೆಗಾಲದಲ್ಲಿ.

ಆಗ ನಮ್ಮ ಅಪ್ಪಯ್ಯನವರಿಗೆ ಅರುವತ್ತೊಂದು ವಯಸ್ಸು. ತೋಟದಲ್ಲಿ ಬಿದಿರಿನ ಕೂಳೆಯೊಂದು ಅವರ ಕಾಲಿನ ಹೆಬ್ಬೆರಳ ಸಂದಿಗೆ ಹೊಕ್ಕಿತು. ಮಳೆಗಾಲದ ಗಾಯವೆಂದು ಅರಿಸಿನ ಹಚ್ಚಿ ಸುಮ್ಮನಾದರು. ಹದಿನೈದು ದಿನವಾದರೂ ಮಾಯಲಿಲ್ಲ. ತಿಂಗಳಾದಾಗ ಬೆರಳು ಕಪ್ಪಿಡತೊಡಗಿತು. ತೀರ್ಥಹಳ್ಳಿಯ ವೈದ್ಯರು ಪರೀಕ್ಷಿಸಿ ಸಕ್ಕರೆಯ ಕಾಯಿಲೆಯೆಂದರು. ರಕ್ತದ ಸಕ್ಕರೆ ಇಳಿಯದಿದ್ದರೆ ಬೆರಳನ್ನು ತೆಗೆಯಬೇಕಾಗಬಹುದು, ಆಗಲೂ ಇಳಿಯದಿದ್ದರೆ ಅಷ್ಟಕ್ಕೇ ನಿಲ್ಲುವಂತಿಲ್ಲ ಎಂದು ಮೆತ್ತಗೆ ತಿಳಿಸಿದರು. ಮಾತ್ರೆಗಳನ್ನು ಬರೆದುಕೊಟ್ಟು, ಅನ್ನವನ್ನು ಕಡಿಮೆ ಮಾಡಿ, ರಾತ್ರಿ ರಾಗಿಯನ್ನು ಉಣ್ಣಿ, ಸೊಪ್ಪು ತರಕಾರಿಗಳನ್ನು ಹೆಚ್ಚು ಬಳಸಿ, ಬೆಲ್ಲವನ್ನು ಬಿಡಿ ಎಂದರು. ಬೆಳಿಗ್ಗೆ ಕಡುಬು, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುನಡುವೆ ಬೆಲ್ಲದ ಕಾಫಿ—ಇದು ಅವರ ಅರುವತ್ತು ವರ್ಷಗಳ ದಿನಚರಿ. ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಒಂದು ಮಾತನ್ನೂ ಆಡಲಿಲ್ಲ. ಮೇಗರವಳ್ಳಿಯಲ್ಲಿ ಇಳಿದ ಮೇಲೆ ಕೊಡೆ ಬಿಚ್ಚುತ್ತ, ‘ಬೆರಳು ಹೋದರೆ ತೋಟದ ಏರಿ ಹತ್ತುವುದು ಹೇಗೆ?’ ಎಂದು ಕೇಳಿದರು; ಉತ್ತರಕ್ಕೆ ಕಾಯದೆ ಮುಂದೆ ನಡೆದರು.

ಸುದ್ದಿ ಹರಡಿದೊಡನೆ ಊರಿಗೆ ಊರೇ ವೈದ್ಯರಾಯಿತು. ಒಬ್ಬರು ನೆನೆಸಿದ ಮೆಂತೆ ಎಂದರು. ಒಬ್ಬರು ನೇರಳೆಯ ಬೀಜದ ಪುಡಿ. ಹಾಗಲಕಾಯಿಯ ರಸವನ್ನಂತೂ ಎಲ್ಲರೂ ಹೇಳಿದರು. ಹಾಗಲಕಾಯಿ ಈ ಕಾಯಿಲೆಯನ್ನು ಗುಣಪಡಿಸುತ್ತದೆಂಬುದಕ್ಕೆ ಗಟ್ಟಿಯಾದ ಆಧಾರ ಇಂದಿಗೂ ದೊರೆತಿಲ್ಲ. ಆದರೆ ಕಹಿಯಾದುದು ಸಿಹಿಯನ್ನು ಕೊಲ್ಲಲೇಬೇಕೆಂಬ ತರ್ಕ ಜನರ ಮನಸ್ಸಿನಲ್ಲಿ ಎಷ್ಟು ಬಲವಾಗಿದೆಯೆಂದರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸಮರ್ಥಿಸುವುದನ್ನು ಕೇಳುತ್ತ ಕುಳಿತರೆ ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂಬ ಮಾತು ಅಕ್ಷರಶಃ ನಿಜವಾಗುತ್ತಿದ್ದಿತು. ಮತ್ತೊಬ್ಬರು ಮಧುನಾಶಿನಿಯ ಎಲೆಯನ್ನು ತಂದುಕೊಟ್ಟರು. ಅದನ್ನು ಅಗಿದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ನಾಲಿಗೆ ಸಿಹಿಯನ್ನೇ ಅರಿಯದು. ಸಕ್ಕರೆ ಬಾಯಲ್ಲಿ ಮರಳಿನಂತಾಗುತ್ತದೆ. ಅಪ್ಪಯ್ಯ ಅದನ್ನು ಅಗಿದು ನೋಡಿ ಹೇಳಿದರು: ‘ಸಿಹಿಯನ್ನು ಮರೆಸುವ ಎಲೆ ಕಾಡಿನಲ್ಲಿದೆ. ಕಹಿಯನ್ನು ಮರೆಸುವ ಎಲೆ ಒಂದಾದರೂ ಇದೆಯೇ?’

ನಿಜವಾದ ಕಷ್ಟ ಅಮ್ಮನದು. ಹಾಗಲಕಾಯಿಯನ್ನು ಪಳಗಿಸುವುದು ಅವಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹೆಚ್ಚಿ, ಉಪ್ಪು ಸವರಿ, ಹಿಂಡಿ, ಹುಣಿಸೆಹಣ್ಣಿನ ರಸದಲ್ಲಿ ಬೇಯಿಸಿ, ಹುರಿದ ಎಳ್ಳನ್ನು ಅರೆದು ಹಾಕಿ, ಕೊನೆಗೆ ಒಂದು ಹಿಡಿ ಬೆಲ್ಲವನ್ನು ಕರಗಿಸಿದರೆ ಆಗುವ ಗೊಜ್ಜಿಗೆ ನಂಟರು ಕಾದು ಕುಳಿತಿರುತ್ತಿದ್ದರು. ಆ ಗೊಜ್ಜಿನ ಜೀವವೇ ಬೆಲ್ಲ. ನೂರಾರು ವರ್ಷಗಳಿಂದ ನಮ್ಮ ಹೆಂಗಸರು ಕಹಿಯನ್ನು ಗೆದ್ದದ್ದು ಬೆಲ್ಲದ ಬಲದಿಂದ. ಕಹಿಯನ್ನು ಉಣ್ಣಲೇಬೇಕಾದ ಈ ಕಾಯಿಲೆಯಲ್ಲಿ ನಿಷಿದ್ಧವಾದುದು ಆ ಬೆಲ್ಲವೇ! ಅಮ್ಮ ಹೋಳುಗಳನ್ನು ಮಜ್ಜಿಗೆಯಲ್ಲಿ ನೆನೆಸಿದಳು, ಒಣಗಿಸೋಣವೆಂದರೆ ಬಿಸಿಲಿಲ್ಲ, ಕರಿಯೋಣವೆಂದರೆ ಎಣ್ಣೆಗೆ ಮಿತಿ. ಕೊನೆಗೆ ಉಳಿದದ್ದು ರಸ. ಅಪ್ಪಯ್ಯ ಬೆಳಿಗ್ಗೆ ಜಗಲಿಯ ಅಂಚಿನಲ್ಲಿ ಮಳೆಗೆ ಮುಖಮಾಡಿ ನಿಂತು, ಅದನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಮಗುಚಿಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ರಾಗಿಯದು ಇನ್ನೊಂದು ಕಥೆ. ಭತ್ತವನ್ನಲ್ಲದೆ ಬೇರೆ ಧಾನ್ಯವನ್ನು ಕಾಣದ ನಮ್ಮ ಅಡಿಗೆಮನೆಗೆ ತೀರ್ಥಹಳ್ಳಿಯಿಂದ ರಾಗಿಹಿಟ್ಟು ಬಂದಿತು. ಅಮ್ಮ ಮೊದಲ ದಿನ ಮಾಡಿದ ಮುದ್ದೆಯಲ್ಲಿ ಗಂಟುಗಳೇ ಹೆಚ್ಚು. ಎರಡನೆಯ ದಿನದ್ದು ಅಂಬಲಿಗೂ ಮುದ್ದೆಗೂ ನಡುವಣ ಒಂದು ಪದಾರ್ಥ. ನಮ್ಮ ಪುಣ್ಯಕ್ಕೆ ಊರಿನ ಶಾಲೆಗೆ ತುಮಕೂರಿನ ಕಡೆಯ ಮೇಷ್ಟರೊಬ್ಬರು ವರ್ಗವಾಗಿ ಬಂದಿದ್ದರು. ಅವರ ಪತ್ನಿ ಬಂದು, ಹಿಟ್ಟನ್ನು ಯಾವಾಗ ಹಾಕಬೇಕು, ಎಷ್ಟು ಹೊತ್ತು ಕದಲಿಸಬಾರದು, ಕೋಲಿನಿಂದ ಹೇಗೆ ತೊಳಸಬೇಕು ಎಂಬುದನ್ನೆಲ್ಲ ಕಲಿಸಿಕೊಟ್ಟರು. ಅಂದಿನ ರಾತ್ರಿ ಮೇಷ್ಟರೂ ನಮ್ಮಲ್ಲಿಯೇ ಊಟಕ್ಕೆ ಕುಳಿತರು. ಅಪ್ಪಯ್ಯ ಮುದ್ದೆಯ ಚೂರನ್ನು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅದು ಹಲ್ಲಿಗೆ ಮೆತ್ತಿತು.

‘ಯಜಮಾನರೇ, ಅಗೀಬಾರದು. ನುಂಗಬೇಕು’ ಎಂದರು ಮೇಷ್ಟರು.

‘ಅಗಿಯದೆ ನುಂಗಿದರೆ ರುಚಿ ಗೊತ್ತಾಗುವುದು ಹೇಗೆ ಮೇಷ್ಟ್ರೇ?’

‘ರುಚಿ ಸಾರಿನಲ್ಲಿರುತ್ತದೆ. ಮುದ್ದೆಗೆ ಇರುವುದು ಬಲ.’

ಅಪ್ಪಯ್ಯ ಒಂದು ತುತ್ತನ್ನು ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದರು. ಮುಖ ನೋಡಿದರೆ ಕಲ್ಲು ನುಂಗಿದವರಂತಿತ್ತು. ಬಳಿಕ ಮೇಷ್ಟರ ತಟ್ಟೆಯ ಕಡೆ ನೋಡಿದರು. ಅಮ್ಮ ಉಪಚಾರಕ್ಕೆಂದು ಬಡಿಸಿದ್ದ ಕೆಂಪಕ್ಕಿಯ ಅನ್ನವನ್ನು ಮೇಷ್ಟರು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದರು. ‘ಏಕೆ, ಸೇರುವುದಿಲ್ಲವೇ?’ ಎಂದು ಅಪ್ಪಯ್ಯ ಕೇಳಿದರು. ಮೇಷ್ಟರು ಸಂಕೋಚದಿಂದ ಹೇಳಿದರು: ‘ತಪ್ಪು ತಿಳೀಬೇಡಿ. ಎರಡು ವರ್ಷವಾಯಿತು ಈ ಊರಿಗೆ ಬಂದು. ಎಷ್ಟು ಅನ್ನ ಉಂಡರೂ ಊಟ ಮಾಡಿದ ಹಾಗೆ ಅನಿಸುವುದೇ ಇಲ್ಲ. ಈ ಕೆಂಪಕ್ಕಿಯಂತೂ...’ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅಪ್ಪಯ್ಯ ನಕ್ಕುಬಿಟ್ಟರು. ಕಾಯಿಲೆ ತಿಳಿದ ಮೇಲೆ ಊಟದ ಹೊತ್ತಿನಲ್ಲಿ ಅವರು ನಕ್ಕದ್ದು ಅದೇ ಮೊದಲು.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಮ್ಮ ಮನೆಯಲ್ಲಿ ಊಟವೆಂದರೆ ಹೊಟ್ಟೆ ತುಂಬಿಸುವ ಕೆಲಸವಾಗಿರಲಿಲ್ಲ. ಅಪ್ಪಯ್ಯ ಹಳೆಯ ಯಕ್ಷಗಾನದ ಪ್ರಸಂಗಗಳನ್ನೂ, ಹುಲಿ ಕಂಡ ಕಥೆಗಳನ್ನೂ, ನೆಂಟರ ಮನೆಯ ವ್ಯಾಜ್ಯಗಳನ್ನೂ ಹೇಳುತ್ತಿದ್ದುದು ಅನ್ನಕ್ಕೆ ಮಜ್ಜಿಗೆ ಬೀಳುವ ಹೊತ್ತಿನಲ್ಲಿ. ಮುದ್ದೆ ಬಂದ ಮೇಲೆ ಆ ಹೊತ್ತೇ ಇಲ್ಲವಾಯಿತು. ಅವರು ಬರುತ್ತಿದ್ದರು, ನುಂಗುತ್ತಿದ್ದರು, ಕೈತೊಳೆಯುತ್ತಿದ್ದರು. ಪಥ್ಯವನ್ನು ಬರೆದುಕೊಡುವವರು ಎಷ್ಟು ಗ್ರಾಂ ಹಿಟ್ಟು, ಎಷ್ಟು ಗ್ರಾಂ ಸೊಪ್ಪು ಎಂದು ಲೆಕ್ಕ ಹಾಕುತ್ತಾರೆ; ಕಳೆದುಹೋಗುವ ಈ ಮಾತುಗಳನ್ನು ತೂಗುವ ತಕ್ಕಡಿ ಅವರ ಬಳಿಯಲ್ಲಿ ಇಲ್ಲ. ಅಮ್ಮ ಮಾತ್ರ ಅದನ್ನು ಗಮನಿಸಿದಳೆಂದು ತೋರುತ್ತದೆ. ಯಾವ ಕಾಯಿಲೆಯೂ ಇಲ್ಲದ ಅವಳು ಒಂದು ರಾತ್ರಿ ತನ್ನ ತಟ್ಟೆಗೂ ಮುದ್ದೆಯನ್ನೇ ಹಾಕಿಕೊಂಡಳು. ‘ನಿನಗೇಕೆ?’ ಎಂದರೆ, ‘ಎರಡು ಬಗೆ ಬೇಯಿಸಲು ಯಾರಿಂದಾಗುತ್ತದೆ?’ ಎಂದಳು. ಅವಳಿಗೂ ಅದು ಸೇರುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕುಳಿತು ನುಂಗಲಾಗದೆ ಒದ್ದಾಡುವುದನ್ನು ಒಬ್ಬರಲ್ಲೊಬ್ಬರು ಕಂಡು, ಕ್ರಮೇಣ ಅದನ್ನೇ ಒಂದು ವಿನೋದವಾಗಿ ಮಾಡಿಕೊಂಡರು. ಮಾತು ಹಾಗೆ ಮರಳಿತು.

ದೀಪಾವಳಿಯ ಹೊತ್ತಿಗೆ ಗಾಯ ಮಾಯಿತು. ಬೆರಳು ಉಳಿಯಿತು. ಮಾತ್ರೆ ಎಷ್ಟು ಕೆಲಸ ಮಾಡಿತು, ರಾಗಿ ಎಷ್ಟು ಮಾಡಿತು, ಅನ್ನವನ್ನು ಅಳೆದು ಉಂಡದ್ದು ಎಷ್ಟು ಮಾಡಿತು ಎಂದು ಬಿಡಿಸಿ ಹೇಳಲು ನನ್ನಿಂದಾಗದು. ವೈದ್ಯರಂತೂ, ‘ರಾಗಿಯೂ ಧಾನ್ಯವೇ; ಅಳತೆ ತಪ್ಪಿದರೆ ಅದೂ ಸಕ್ಕರೆಯೇ’ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಹಾಗಲಕಾಯಿಯ ರಸವನ್ನು ತಾವು ಹೇಳಿಯೇ ಇರಲಿಲ್ಲವೆಂದು ಅವರು ತಿಳಿಸಿದ ದಿನ ಅಪ್ಪಯ್ಯ ಮನೆಗೆ ಬಂದವರೇ ರಸದ ಲೋಟವನ್ನು ತೊಳೆದು ಅಟ್ಟಕ್ಕೆ ಹಾಕಿದರು. ಮಧ್ಯಾಹ್ನ ಒಂದು ಸಣ್ಣ ಬಟ್ಟಲಿನಷ್ಟು ಕೆಂಪಕ್ಕಿಯ ಅನ್ನಕ್ಕೆ ವೈದ್ಯರ ಒಪ್ಪಿಗೆ ಸಿಕ್ಕಿತು. ಆ ಬಟ್ಟಲನ್ನು ಅವರು ಅರ್ಧ ಗಂಟೆ ಉಣ್ಣುತ್ತಿದ್ದರು. ರಾತ್ರಿಯ ಮುದ್ದೆ ಮುಂದೆ ಹದಿನೇಳು ವರ್ಷ, 2003ರಲ್ಲಿ ಅವರು ತೀರಿಕೊಳ್ಳುವವರೆಗೂ, ತಪ್ಪಲಿಲ್ಲ. ಈ ಹದಿನೇಳು ವರ್ಷಗಳಲ್ಲಿ ಒಮ್ಮೆಯಾದರೂ ಅವರು ಮುದ್ದೆ ರುಚಿಯಾಗಿದೆಯೆಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ಕಾಯಿಲೆಯ ಹತ್ತನೆಯ ವರ್ಷದಲ್ಲಿರಬೇಕು, ನಾನೂ ಅವರ ಜೊತೆಯಲ್ಲಿ ತೀರ್ಥಹಳ್ಳಿಗೆ ಹೋಗಿದ್ದೆ. ವೈದ್ಯರು ಘಟ್ಟದ ಕೆಳಗಿನವರು; ಅವರಿಗೂ ಅಷ್ಟರಲ್ಲಿ ತಲೆ ನರೆತಿದ್ದಿತು. ರಕ್ತದ ವರದಿಯನ್ನು ನೋಡಿ ಸಂತೋಷಪಟ್ಟು, ‘ಅಂತೂ ಈಗ ರಾಗಿ ಅಭ್ಯಾಸವಾಗಿ ರುಚಿಸುತ್ತಿರಬೇಕಲ್ಲ?’ ಎಂದು ಕೇಳಿದರು.

‘ಇಲ್ಲ ಡಾಕ್ಟರೇ’ ಎಂದರು ಅಪ್ಪಯ್ಯ. ‘ನಿಮಗೆ ರುಚಿಸುತ್ತದೆಯೇ?’

ವೈದ್ಯರು ಒಂದು ಕ್ಷಣ ಸುಮ್ಮನಿದ್ದರು. ಬಾಗಿಲ ಕಡೆ ನೋಡಿದರು. ‘ನಾನು ಕುಚ್ಚಲಕ್ಕಿಯ ಗಂಜಿಯವನು’ ಎಂದು ತಗ್ಗಿದ ದನಿಯಲ್ಲಿ ಹೇಳಿ, ನಗುತ್ತ, ಹೊಸ ಚೀಟಿಯ ಮೇಲೆ ಹಳೆಯ ಪಥ್ಯವನ್ನೇ ಬರೆಯತೊಡಗಿದರು.